ಹುಲಿವೇಷದ ದುಡ್ಡು ಎಲ್ಲಿಗೆ ಹೋಯ್ತು?

ಉಡುಪಿ ಕಡೆಯವರಿಗೆ ಕೃಷ್ಣಾಷ್ಟಮಿ ಅಂದರೆ ಹುಲಿವೇಷ. ನಮ್ಮ ಭಜನಾ ಮಂಡಳಿಯ ಹುಡುಗರು ಹುಲಿ ಹಾಕಲು ಶುರು ಮಾಡಿ ಇದು ಮೂರನೇ ವರ್ಷ. ರವಿ ಕಟಪಾಡಿಯವರು ಅಷ್ಟಮಿಗೆ ವೇಷ ಹಾಕಿ ಕಾಯಿಲೆ ಮಕ್ಕಳ ಚಿಕಿತ್ಸೆಗೆ ದುಡ್ಡು ಒಟ್ಟು ಮಾಡುವುದನ್ನು ನೋಡಿ ನಾವೂ ಹೊರಟೆವು. ಧೈರ್ಯ ಅಲ್ಲಿಂದ ಬಂತು, ಲೆಕ್ಕದ ಬುದ್ಧಿ ಮಾತ್ರ ಪೆಟ್ಟು ತಿಂದ ಮೇಲೆ ಬಂತು.

ಬಣ್ಣಕ್ಕೆ ನಿಲ್ಲುವುದು ಅಂದರೆ ಸುಮ್ನೆ ಅಲ್ಲ. ಮೈ ಕೂದಲು ಬೋಳಿಸಿ, ಎರಡೂ ಕೈ ಚಾಚಿ ಕೋಲು ಹಿಡಿದು ಗಂಟೆಗಟ್ಟಲೆ ನಿಂತಿರಬೇಕು, ಪಕ್ಕದಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿರುತ್ತದೆ, ಸೀನು ಬಂದರೂ ಸೀನುವ ಹಾಗಿಲ್ಲ. ಆಮೇಲೆ ಅಷ್ಟಮಿ ಮತ್ತು ಮರುದಿನದ ವಿಟ್ಲಪಿಂಡಿ (ಮೊಸರುಕುಡಿಕೆ) ಎರಡೂ ದಿನ ಮಳೆಯಲ್ಲಿ ಮನೆಮನೆ ಕುಣಿತ. ಬಣ್ಣ ಬಿಡಿಸಲು ಸೀಮೆಎಣ್ಣೆ. ಮೊದಲ ವರ್ಷ ನನಗೆ ವಾರವಿಡೀ ಮೈ ಉರಿ.

ಆ ವರ್ಷ ಹೃದಯದಲ್ಲಿ ತೂತಿದ್ದ ಮಗುವಿಗೆ ಅಂತ ದುಡ್ಡು ಎತ್ತಿದ್ದು. ತಾಸೆ ಬಾರಿಸುವವರು, ಬಣ್ಣದವರು, ಜೀಪು ಅಂತ ಮೂರನೇ ಒಂದು ಪಾಲು ಖರ್ಚಿಗೇ ಹೋಯಿತು. ಉಳಿದದ್ದನ್ನು ಮಗುವಿನ ಅಪ್ಪ-ಅಮ್ಮನನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಫೋಟೋ ತೆಗೆದು ಕೊಟ್ಟೆವು. ಆ ತಾಯಿ ಫೋಟೋದಲ್ಲಿ ತಲೆಯೇ ಎತ್ತಿಲ್ಲ. ಆಮೇಲೆ ಭಜನೆಗೂ ಬರಲಿಲ್ಲ. ಆಪರೇಷನ್ ಸರಕಾರದ ಆಯುಷ್ಮಾನ್ ಕಾರ್ಡಿನಲ್ಲೇ ಆಯಿತು, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಉಂಟಲ್ವಾ. ನಾವು ಅದನ್ನು ಕೇಳಿಯೇ ಇರಲಿಲ್ಲ. ಅಪ್ಪ ಆ ದುಡ್ಡಿನಲ್ಲಿ ಕೈಸಾಲ ತೀರಿಸಿದರು, ಊರವರು ಆಡಿಕೊಂಡರು. ಆದರೆ ತಿಂಗಳುಗಟ್ಟಲೆ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತವರಿಗೆ ಸಾಲ ಆಗದೆ ಇನ್ನೇನು ಆಗುತ್ತದೆ? ತಪ್ಪು ನಮ್ಮದು.

ಮರುವರ್ಷ ಹೋದ ಮನೆಯಲ್ಲಿ ಒಬ್ಬ ಅಜ್ಜಿ ಡಬ್ಬಿಗೆ ಹತ್ತರ ನೋಟು ಹಾಕುವ ಮೊದಲು ಕೈ ಹಿಡಿದುಕೊಂಡೇ ಕೇಳಿದರು: "ಹೋದ ವರ್ಷದ್ದು ಎಂತ ಆಯ್ತು ಮಾರಾಯ?" ಹುಲಿಯ ಬಾಯಲ್ಲಿ ಉತ್ತರ ಇರಲಿಲ್ಲ.

ಈಗ ಮೊದಲು ಮಂಡಳಿಯ ಇಬ್ಬರು ಅಕ್ಕಂದಿರು ಸದ್ದಿಲ್ಲದೆ ಕಾಯಿಲೆಯವರ ಮನೆಗೆ ಹೋಗಿ ಬರುತ್ತಾರೆ. ಕಾರ್ಡು ಉಂಟಾ, ಇಲ್ಲದಿದ್ದರೆ ಯಾಕಿಲ್ಲ, ಅಷ್ಟು ವಿಚಾರಿಸುತ್ತಾರೆ, ಬೇಕಿದ್ದರೆ ಆಸ್ಪತ್ರೆಯಲ್ಲಿ ಕಾರ್ಡಿನ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಜೊತೆಗೇ ಹೋಗುತ್ತಾರೆ. ಕಾರ್ಡು ಕೊಡದ್ದು ಬಸ್ ಚಾರ್ಜು, ರೂಮು ಬಾಡಿಗೆ, ಜೊತೆಗಿರುವವರ ಊಟ, ಹೋದ ಕೂಲಿ. ನಮ್ಮ ದುಡ್ಡು ಅಲ್ಲಿಗೆ, ವಾರವಾರ. ವೇಷದ ಖರ್ಚಿಗೆ ಅಂಗಡಿಯವರನ್ನೇ ಬೇರೆ ಹಿಡಿದಿದ್ದೇವೆ, ಡಬ್ಬಿಯದ್ದು ಮುಟ್ಟುವುದಿಲ್ಲ. ಫೋಟೋ ಇಲ್ಲ, ಶಾಲಂತೂ ಇಲ್ಲವೇ ಇಲ್ಲ.

ಶನಿವಾರ ಭಜನೆ ಮುಗಿದು ಮಂಗಳಾರತಿ ಆದ ಮೇಲೆ ಲೆಕ್ಕದ ಪುಸ್ತಕ ಗಟ್ಟಿಯಾಗಿ ಓದುತ್ತೇವೆ. ಮನೆಯವರ ಹೆಸರು ಬಿಟ್ಟು ಎಲ್ಲವೂ, ಚಾ ಕುಡಿದದ್ದೂ. ಮೊದಮೊದಲು ಹುಡುಗರಿಗೆ ನಾಚಿಕೆ, ಈಗ ಯಾರಾದರೂ ಒಂದು ಸಾಲು ಬಿಟ್ಟರೆ ಹಿಂದಿನಿಂದ ಹೆಂಗಸರೇ ಕೂಗಿ ಹೇಳುತ್ತಾರೆ.

ಈ ಸಲದ್ದು ಇನ್ನೂ ಮುಗಿದಿಲ್ಲ. ಜೀಪಿನ ಬಾಡಿಗೆ ಬಾಕಿ, ಒಂದು ಹುಲಿಯ ಬಾಲ ಬೇರೆ ಕಾಣೆಯಾಗಿದೆ.