ಎರೆ ಭೂಮಿಯ ರಸ್ತೆಯ ತಳಕ್ಕೆ ಕಬ್ಬಿನ ಸಿಪ್ಪೆಯ ಬೂದಿಯನ್ನು ಬಳಸುವ ಕ್ರಮ

ಆಳಂದ, ಅಫಜಲಪುರ, ಭಾಲ್ಕಿ ಕಡೆಯ ಎರೆ ಭೂಮಿಯಲ್ಲಿ ಡಾಂಬರು ರಸ್ತೆ ಅಂಚಿನಿಂದ ಬಿರುಕು ಬಿಡುವುದಕ್ಕೆ ಅನೇಕ ಸಲ ಡಾಂಬರಿಗಿಂತ ಅದರ ಕೆಳಗಿನ ಮಣ್ಣೇ ಕಾರಣವಾಗಿರುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಾಯ್ಬಿಡುತ್ತದೆ. ಅದನ್ನೆಲ್ಲ ಅಗೆದು ತೆಗೆದು ದೂರದಿಂದ ಮೊರಂ ತಂದು ತುಂಬುವ ಬದಲು, ಇದೇ ಸೀಮೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಲ್ಲಿ ಕಬ್ಬಿನ ಸಿಪ್ಪೆ ಉರಿದು ಉಳಿಯುವ ಬೂದಿಯನ್ನು ಸುಣ್ಣದೊಡನೆ ಬೆರೆಸಿ ಇದ್ದ ಮಣ್ಣನ್ನೇ ಗಟ್ಟಿಗೊಳಿಸಬಹುದು.

ಬೂದಿಯ ಗುಣವೆಲ್ಲ ಅದರಲ್ಲಿರುವ ಸಿಲಿಕಾದಿಂದ ಬರುತ್ತದೆ. ಆದರೆ ಸಿಲಿಕಾ ತಾನೊಂದೇ ಮಣ್ಣನ್ನು ಹಿಡಿದಿಡದು. ಸುಣ್ಣ ಮತ್ತು ನೀರಿನೊಡನೆ ನಿಧಾನವಾಗಿ ವರ್ತಿಸಿದಾಗಲೇ ಅದು ಸಿಮೆಂಟಿನಂತಹ ಅಂಟನ್ನು ಕೊಡುತ್ತದೆ. ಆದ್ದರಿಂದ ಬೂದಿ ಪುಕ್ಕಟೆಯಾಗಿ ಸಿಗುತ್ತದೆಂದು ಸುಣ್ಣವನ್ನು ಕೈಬಿಡುವುದು ಉಳಿತಾಯವಲ್ಲ. ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು ಹೇರಳವಾಗಿದ್ದರೂ ಸುಡದ ಕಲ್ಲಿನ ಪುಡಿ ಈ ಕೆಲಸಕ್ಕೆ ಒದಗದು; ಸುಟ್ಟು ಅರಳಿಸಿದ ಸುಣ್ಣವೇ ಬೇಕು.

ಬೂದಿಯನ್ನು ಆರಿಸುವಾಗ ಕಪ್ಪಗಿರುವ, ಅರೆಬೆಂದ ನಾರು ಕಾಣುವ ರಾಶಿಯನ್ನು ಬದಿಗಿರಿಸಬೇಕು, ಏಕೆಂದರೆ ಅದರಲ್ಲಿ ಉಳಿದ ಇಂಗಾಲ ನೀರನ್ನು ಹೀರುತ್ತದೆಯೇ ಹೊರತು ಬಂಧಕ್ಕೆ ನೆರವಾಗುವುದಿಲ್ಲ. ಬಯಲಿನಲ್ಲಿ ಮಳೆಗೆ ನೆನೆದ ಬೂದಿಯನ್ನು ಒಣಗಿಸಿ, ಜರಡಿ ಹಿಡಿದು, ಒಣ ತೂಕದ ಮೇಲೆಯೇ ಲೆಕ್ಕ ಹಾಕಬೇಕು.

ಪ್ರಮಾಣವನ್ನು ಬೇರೆ ಊರಿನ ಕಾಮಗಾರಿಯಿಂದ ಎರವಲು ಪಡೆಯಬಾರದು. ರಸ್ತೆ ಹಾಯುವ ಜಾಗದ್ದೇ ಮಣ್ಣಿಗೆ ಶೇ. 4ರಷ್ಟು ಸುಣ್ಣ, ಜೊತೆಗೆ ಶೇ. 5, 10 ಮತ್ತು 15ರಷ್ಟು ಬೂದಿ ಸೇರಿಸಿದ ಮಾದರಿಗಳನ್ನೂ, ಏನನ್ನೂ ಸೇರಿಸದ ಒಂದು ಮಾದರಿಯನ್ನೂ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಬೇಕು. ಬೂದಿ ಹೆಚ್ಚಿದಂತೆ ಬೇಕಾಗುವ ನೀರಿನ ಪ್ರಮಾಣವೂ ಬದಲಾಗುವುದರಿಂದ ಪ್ರತಿ ಮಿಶ್ರಣಕ್ಕೂ ಅಡಕ ಪರೀಕ್ಷೆಯನ್ನು, ಅಂದರೆ ಎಷ್ಟು ನೀರಿಗೆ ಮಣ್ಣು ಅತಿ ಗಟ್ಟಿಯಾಗಿ ಅಡಕವಾಗುತ್ತದೆಂದು ನೋಡುವ ಪರೀಕ್ಷೆಯನ್ನು, ಬೇರೆಯಾಗಿಯೇ ಮಾಡಬೇಕು. ಬಳಿಕ ಮಾದರಿಗಳನ್ನು 3 ದಿನ ತೇವದಲ್ಲಿಟ್ಟು, 4 ದಿನ ನೀರಿನಲ್ಲಿ ಮುಳುಗಿಸಿ, ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕವಾದ ಐಎಸ್ 2720ರ 16ನೇ ಭಾಗದಂತೆ ಸಿಬಿಆರ್, ಅಂದರೆ ಮಣ್ಣಿನ ಭಾರ ಹೊರುವ ಶಕ್ತಿಯನ್ನು, ಅಳೆಯಬೇಕು; 40ನೇ ಭಾಗದ ಉಬ್ಬುವಿಕೆಯ ಪರೀಕ್ಷೆಯನ್ನೂ ಬಿಡಬಾರದು. ಮಣ್ಣಿನಲ್ಲಿ ಜಿಪ್ಸಂನಂತಹ ಸಲ್ಫೇಟ್ ಇದ್ದರೆ ಸುಣ್ಣ ಹಾಕಿದ ಮೇಲೂ ಅದು ಉಬ್ಬಬಹುದಾದ್ದರಿಂದ ಸಲ್ಫೇಟಿನ ಪರೀಕ್ಷೆ ಮೊದಲೇ ಆಗಿರಬೇಕು.

ಸ್ಥಳದಲ್ಲಿ ಮಣ್ಣನ್ನು ಕೆದಕಿ, ಹೆಂಟೆಗಳನ್ನು ಒಡೆದು, ಮೊದಲು ಸುಣ್ಣವನ್ನೂ ಅನಂತರ ಬೂದಿಯನ್ನೂ ಹರಡಿ, ರೋಟವೇಟರಿನಿಂದ ಬಣ್ಣ ಒಂದೇ ಆಗುವವರೆಗೆ ಬೆರೆಸಬೇಕು. ಸುಣ್ಣ ಕಣ್ಣು, ಚರ್ಮಗಳನ್ನು ಸುಡುವುದರಿಂದ ಕೆಲಸಗಾರರಿಗೆ ಕನ್ನಡಕ, ಕೈಗವಸುಗಳು ಅಗತ್ಯ; ಬೀಸುಗಾಳಿಯ ಹೊತ್ತಿನಲ್ಲಿ ಹರಡದಿರುವುದು ಒಳಿತು. ಅಳೆದ ನೀರನ್ನು ಸಿಂಪಡಿಸಿ ಅದೇ ದಿನ ರೋಲರ್ ಹಾಯಿಸಿ, ಕಲಬುರಗಿಯ ಬಿಸಿಲಿಗೆ ಮೇಲ್ಮೈ ಒಣಗಿ ಸಿಪ್ಪೆಯೇಳದಂತೆ 7 ದಿನ ಒದ್ದೆ ಗೋಣಿಚೀಲ ಹೊದಿಸಿಡಬೇಕು. ಆ ಅವಧಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಬದಲಿ ದಾರಿ ಮಾಡಿಕೊಡಬೇಕು, ಜಲ್ಲಿ ಪದರ ಬೀಳುವ ಮೊದಲೇ ಎರಡೂ ಬದಿಯ ಚರಂಡಿ ತೋಡಿ ಮುಗಿಸಬೇಕು.