ಬ್ಯಾಡ್ಜ್ ಹಾಕಿಕೊಂಡು ಬಂದವರಿಗೆ ಮೈಸೂರು ತೋರಿಸುವುದು

ಮೈಸೂರಿನಲ್ಲಿ ಹದಿನಾಲ್ಕು ವರ್ಷದಿಂದ ಗೈಡ್ ಆಗಿದ್ದೇನೆ. ರಜೆಗೆ ಅಂತ ಮನೆಮಂದಿಯೆಲ್ಲ ಸೇರಿ ಬರುವವರು ಬೇರೆ. ಸಮ್ಮೇಳನಕ್ಕೆ ಬಂದು, ಕೊರಳಲ್ಲಿ ಬ್ಯಾಡ್ಜ್ ನೇತುಹಾಕಿಕೊಂಡೇ ಮಧ್ಯಾಹ್ನದ ಊಟ ಮುಗಿಸಿ ಬಸ್ ಹತ್ತುವವರು ಬೇರೆ. ಇವರು ಬೆಳಗ್ಗೆಯಿಂದ ಕೂತು ನಾಲ್ಕೈದು ಭಾಷಣ ಕೇಳಿರುತ್ತಾರೆ. ಕಿವಿ ತುಂಬಿಹೋಗಿರುತ್ತದೆ. ಅವರ ಮುಂದೆ ನಾನೂ ಮೈಕ್ ಹಿಡಿದು ಇನ್ನೊಂದು ಭಾಷಣ ಶುರು ಮಾಡಿದರೆ ಯಾರಿಗೆ ಬೇಕು?

ಇದು ನನಗೆ ಮೊದಲ ಸಲವೇ ಗೊತ್ತಾಗಲಿಲ್ಲ. ಅದು ಡಾಕ್ಟರುಗಳ ಸಮ್ಮೇಳನ. 42 ಜನ, ಒಂದೇ ಬಸ್, ಎರಡು ಗಂಟೆಯಿಂದ ಏಳರವರೆಗೆ. ವ್ಯವಸ್ಥೆ ಮಾಡಿದವರು ಏಳು ಜಾಗದ ಪಟ್ಟಿ ಕೊಟ್ಟರು: ಚಾಮುಂಡಿ ಬೆಟ್ಟ, ನಂದಿ, ಅರಮನೆ, ಜಗನ್ಮೋಹನ ಅರಮನೆ, ರೈಲ್ವೆ ಮ್ಯೂಸಿಯಂ, ಸಂತ ಫಿಲೋಮಿನಾ ಚರ್ಚ್, ದೇವರಾಜ ಮಾರ್ಕೆಟ್. ಕಾರ್ಡಿನಲ್ಲಿ ಅಚ್ಚಾಗಿಯೂ ಹೋಗಿತ್ತು. ಆಗಲಿ ಅಂದುಬಿಟ್ಟೆ. ಬೆಟ್ಟ ಇಳಿಯುವ ಹೊತ್ತಿಗೇ ನಾಲ್ಕೂವರೆ. ಅರಮನೆಯಲ್ಲಿ ಎಲ್ಲರನ್ನೂ ಓಡಿಸಿಕೊಂಡು ಹೋದೆ. ಜಗನ್ಮೋಹನಕ್ಕೆ ಬಂದಾಗ ಬಾಗಿಲು ಹಾಕಿತ್ತು. ಕೋಲ್ಕತ್ತಾದಿಂದ ಬಂದಿದ್ದ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತು, "ಒಳಗೆ ಏನಿತ್ತಮ್ಮಾ?" ಅಂತ ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ ಬಸ್ ಹತ್ತಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ದೂರದಿಂದ ಬಂದವರು, ಮತ್ತೆ ಯಾವಾಗ ಬರುತ್ತಾರೋ ಏನೋ.

ಆಮೇಲಿಂದ ನನ್ನದು ಒಂದೇ ಲೆಕ್ಕ. ಅರ್ಧ ದಿನಕ್ಕೆ ಒಳಗೆ ಹೋಗಿ ನೋಡುವ ಜಾಗ ಎರಡು, ಹೊರಗಿಂದ ನೋಡುವುದು ಒಂದು. ಅಷ್ಟೇ. ಇದಕ್ಕೆ ವ್ಯವಸ್ಥೆ ಮಾಡುವವರ ಜೊತೆ ಪ್ರತಿ ಸಲವೂ ವಾದ ಆಗುತ್ತದೆ. ಕಾರ್ಡಿನಲ್ಲಿ ಹೆಸರು ಜಾಸ್ತಿ ಇದ್ದರೆ ಚೆನ್ನಾಗಿ ಕಾಣುತ್ತದೆ ಅಂತ ಅವರಿಗೆ. ನಾನು ಬಿಡುವುದಿಲ್ಲ. ಜನ ಊರು ಬಿಟ್ಟು ಹೋದ ಮೇಲೆ ಅವರಿಗೆ ನೆನಪಿರುವುದು ಪಟ್ಟಿಯಲ್ಲ, ನಿಂತು ನೋಡಿದ ಒಂದೋ ಎರಡೋ ವಸ್ತು.

ಒಪ್ಪಿಕೊಳ್ಳುವ ಮೊದಲು ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ಎಷ್ಟು ಜನ, ವಯಸ್ಸೆಷ್ಟು, ಮಂಡಿನೋವಿನವರು ಇದ್ದಾರಾ, ಯಾವ ವಿಷಯದ ಸಮ್ಮೇಳನ. 25ಕ್ಕಿಂತ ಜಾಸ್ತಿ ಇದ್ದರೆ ಇನ್ನೊಬ್ಬ ಗೈಡ್ ಬೇಕೇ ಬೇಕು. ಕಿವಿಗೆ ಹಾಕಿಕೊಳ್ಳುವ ಪುಟ್ಟ ರಿಸೀವರ್ ಬಾಡಿಗೆಗೆ ತಂದರೆ ತುಂಬಾ ಒಳ್ಳೆಯದು. ನಾನು ಕೂಗಬೇಕಾಗಿಲ್ಲ, ಪಕ್ಕದ ಗುಂಪಿಗೆ ತೊಂದರೆಯೂ ಇಲ್ಲ. ಇನ್ನು ಚಪ್ಪಲಿಯ ವಿಷಯ. ಅರಮನೆಯ ಒಳಗೆ ಹೋಗುವಾಗ ಪಾದರಕ್ಷೆ ಹೊರಗೆ ಬಿಡಬೇಕು. ಸಮ್ಮೇಳನದವರ ಕಾಲಲ್ಲಿ ಲೇಸ್ ಕಟ್ಟಿದ ಕಪ್ಪು ಶೂ ಇರುತ್ತದೆ. 40 ಜನ ಬಗ್ಗಿ ಲೇಸ್ ಬಿಚ್ಚಿ, ಟೋಕನ್ ತೆಗೆದುಕೊಂಡು, ವಾಪಸ್ ಬಂದು ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಬೇಸಿಗೆಯಲ್ಲಾದರೆ ಅಂಗಳದ ಕಲ್ಲು ಕಾಲು ಸುಡುತ್ತದೆ. ಅದಕ್ಕೇ ಹಿಂದಿನ ದಿನವೇ ಎಲ್ಲರಿಗೂ ಮೆಸೇಜ್ ಹಾಕಿಸುತ್ತೇನೆ: ಚಪ್ಪಲಿ ಹಾಕಿಕೊಂಡು ಬನ್ನಿ, ಬ್ಯಾಗಿನಲ್ಲಿ ಒಂದು ಜೊತೆ ಸಾಕ್ಸ್ ಇರಲಿ.

ಬಸ್ಸಿನಲ್ಲಿ ತಲೆ ಎಣಿಸುವುದಕ್ಕಿಂತ "ನಿಮ್ಮ ಪಕ್ಕ ಕೂತಿದ್ದವರು ಬಂದರಾ?" ಅಂತ ಕೇಳುವುದು ಸುಲಭ. ಒಬ್ಬರು ಬಿಟ್ಟುಹೋಗಿದ್ದರೂ ತಕ್ಷಣ ಗೊತ್ತಾಗುತ್ತದೆ.

ಅರಮನೆಯಲ್ಲಿ ನಾನು ಹೇಳುವ ಕಥೆ ಚಿಕ್ಕದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹುಡುಗ. ತಾಯಿ ವಾಣಿವಿಲಾಸ ಸನ್ನಿಧಾನ ರಾಜ್ಯ ನೋಡಿಕೊಳ್ಳುತ್ತಿದ್ದರು. ಹೊಸ ಅರಮನೆ ಕಟ್ಟುವ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ಕೊಟ್ಟರು. 1912ಕ್ಕೆ ಮುಗಿಯಿತು. ಇಷ್ಟು ಹೇಳಿ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂದು ಬೆಂಕಿ ನೋಡಿದ ಮನೆಯವರು ಮತ್ತೆ ಮರವನ್ನು ನಂಬಲಿಲ್ಲ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಕಂಬಗಳು ಎರಕದ ಕಬ್ಬಿಣದವು, ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಮೇಲೆ ಬಣ್ಣದ ಗಾಜಿನಲ್ಲಿ ನವಿಲು. "ಈಗ ಕೆಳಗೆ ನೋಡಿ" ಅನ್ನುತ್ತೇನೆ. ನೆಲದ ಹಾಸಿನಲ್ಲೂ ನವಿಲು. ಎಲ್ಲರೂ ಕಾಲು ಸರಿಸಿ ನೋಡುತ್ತಾರೆ. ಆಮೇಲೆ ಗೋಡೆ ಸುತ್ತ ದಸರಾ ಮೆರವಣಿಗೆಯ ಚಿತ್ರಗಳು. ಕಲಾವಿದರು ಫೋಟೋಗಳನ್ನು ಇಟ್ಟುಕೊಂಡು ಬರೆದದ್ದರಿಂದ ಅದರಲ್ಲಿರುವುದು ನಿಜವಾದ ಮನುಷ್ಯರ ಮುಖ. ಅಲ್ಲಿ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಅವರೇ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ.

ನನಗೆ ತುಂಬಾ ಇಷ್ಟವಾದ ಜಾಗ ಅಂದರೆ ಜಗನ್ಮೋಹನ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ್ದು. ದೊಡ್ಡ ಅರಮನೆ ಸುಟ್ಟ ಮೇಲೆ ರಾಜಮನೆತನ ಇದ್ದದ್ದು ಇಲ್ಲೇ. 1915ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳಿವೆ, ಪುಟ್ಟ ಸಿಪಾಯಿಗಳು ಓಡಾಡುವ ಫ್ರೆಂಚ್ ಗಡಿಯಾರ ಇದೆ. ಆದರೆ ಗುಂಪನ್ನು ನಾನು ಮೊದಲು ಕರೆದುಕೊಂಡು ಹೋಗುವುದು ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ. ಒಂದು ಕೈಯಲ್ಲಿ ಹಿತ್ತಾಳೆ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಕತ್ತಲು ಮಾಡಿದ ಕೋಣೆಯಲ್ಲಿ ಆ ಮುಖ ನಿಜವಾಗಿಯೂ ಬೆಳಗುತ್ತಿದೆ ಅನ್ನಿಸುತ್ತದೆ.

ಇದನ್ನು ರವಿವರ್ಮ ಬರೆದದ್ದು ಅಂತ ಎಷ್ಟೋ ಜನ ನಂಬಿದ್ದಾರೆ. ಚಿಕ್ಕವಳಿದ್ದಾಗ ನಾನೂ ಹಾಗೇ ಕೇಳಿದ್ದೆ. ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್. ಅದು ತೈಲವರ್ಣವಲ್ಲ, ಜಲವರ್ಣ. ಸೀರೆ ಉಟ್ಟು ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆಕೆ ತುಂಬು ಬದುಕು ಬಾಳಿ 2018ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಮಾತು ಹೇಳಿದಾಗ ಗುಂಪಿನಲ್ಲಿ ಒಂದು ಸಣ್ಣ ಉದ್ಗಾರ ಬರುತ್ತದೆ. ಚಿತ್ರದಲ್ಲಿರುವ ಹುಡುಗಿ ನಮ್ಮ ಕಾಲದವರೆಗೂ ಇದ್ದರಲ್ಲ ಅಂತ. ದೊಡ್ಡ ಹೆಸರು ಬಿಟ್ಟು ನಿಜ ಹೇಳಿದರೆ ಕಥೆ ಸಪ್ಪೆಯಾಗುತ್ತದೆ ಅನ್ನುವ ಗೈಡುಗಳಿಗೆ ನಾನು ಇದನ್ನೇ ಹೇಳುವುದು. ಇಲ್ಲಿ ನಿಜವೇ ಹೆಚ್ಚು ಚೆನ್ನಾಗಿದೆ.

ಒಂದು ಸಲ ಮಕ್ಕಳ ಡಾಕ್ಟರುಗಳ ಗುಂಪು ಬಂದಿತ್ತು. ಎಲ್ಲರೂ ಮುಖ ನೋಡುತ್ತಿದ್ದರೆ ಒಬ್ಬ ಮೇಡಂ ಮಾತ್ರ ಕೈಯನ್ನೇ ನೋಡುತ್ತಿದ್ದರು. ಮುಂದೆ ಬಗ್ಗಿ, ಹಿಂದೆ ಸರಿದು, ಮತ್ತೆ ಬಗ್ಗಿ. ಕಾವಲಿನವರು "ಸ್ವಲ್ಪ ದೂರ ನಿಂತ್ಕೊಳಿ ಮೇಡಂ" ಅಂದರು. ಆಚೆ ಬಂದ ಮೇಲೆ ಆಕೆ ನೆರಳಲ್ಲಿ ನಿಂತು ಮೊಬೈಲಿನ ಟಾರ್ಚ್ ಹಾಕಿ ಅದರ ಮೇಲೆ ಬೆರಳು ಮುಚ್ಚಿದರು. ಬೆರಳುಗಳ ಅಂಚು ಕೆಂಪಗೆ ಹೊಳೆಯಿತು. "ನೋಡಿ, ಇದೇ ಕೆಂಪು," ಅಂದರು. "ಎಳೆಗೂಸಿನ ಕೈಯಲ್ಲಿ ರಕ್ತನಾಳ ಸಿಗದಿದ್ದರೆ ನಾವು ಕೆಳಗಿಂದ ಬೆಳಕು ಹಿಡಿದು ಹುಡುಕುತ್ತೇವೆ. ದಿನಾ ನೋಡುವ ಬಣ್ಣ ಇದು. ಅವರು ಅದನ್ನು ನೀರಿನ ಬಣ್ಣದಲ್ಲಿ ತಂದಿದ್ದಾರೆ." ಉಳಿದ ಡಾಕ್ಟರುಗಳೂ ಮೊಬೈಲ್ ತೆಗೆದರು. ಆಮೇಲೆ ಎಂಟು ಹತ್ತು ಜನ ಚಿತ್ರ ನೋಡಲು ಮತ್ತೆ ಒಳಗೆ ಹೋದರು.

ನೂರಾರು ಸಲ ನೋಡಿದ ಚಿತ್ರ ಅದು. ಬೆರಳ ಸಂದಿನ ಕೆಂಪನ್ನು ನಾನು ಅವತ್ತೇ ಸರಿಯಾಗಿ ಕಂಡದ್ದು. ಅಂದಿನಿಂದ ಯಾವ ಗುಂಪು ಬಂದರೂ ಮೊದಲು ಅವರ ಕೆಲಸ ಏನು ಅಂತ ಕೇಳಿಕೊಂಡು ಅದಕ್ಕೆ ತಕ್ಕ ವಸ್ತು ಹುಡುಕುತ್ತೇನೆ. ಎಂಜಿನಿಯರುಗಳಿಗೆ ಕಬ್ಬಿಣದ ಕಂಬ. ರೈಲ್ವೆಯವರಿಗೆ ರೈಲ್ವೆ ಮ್ಯೂಸಿಯಂನಲ್ಲಿರುವ 1899ರ ಮಹಾರಾಣಿ ಸಲೂನ್, ಅಂದರೆ ಮಹಾರಾಣಿಯವರ ಪ್ರಯಾಣಕ್ಕಿದ್ದ ರೈಲು ಬೋಗಿ. ನಾನು ಮಾತು ಕಡಿಮೆ ಮಾಡಿದೆ. "ನಿಮಗೇನು ಕಾಣಿಸ್ತು?" ಅಂತ ಕೇಳುವುದನ್ನು ಜಾಸ್ತಿ ಮಾಡಿದೆ.

ಹೊರಗಿಂದ ನೋಡುವ ಜಾಗಕ್ಕೆ ಹೆಚ್ಚಾಗಿ ದೊಡ್ಡ ಗಡಿಯಾರದಿಂದ ದೇವರಾಜ ಮಾರ್ಕೆಟ್‌ವರೆಗೆ ನಡೆಸುತ್ತೇನೆ. 1927ರಲ್ಲಿ ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ ಎತ್ತಿದ ಗೋಪುರ ಅದು. ಮಾರ್ಕೆಟ್ಟಿನಲ್ಲಿ ನಾನೇನೂ ವಿವರಿಸುವುದಿಲ್ಲ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಗುಡ್ಡೆ ಹಾಕಿದ ಕುಂಕುಮ. ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟುಬಿಡುತ್ತೇನೆ. ಕಮಿಷನ್ ಕೊಡುವ ಅಂಗಡಿಗೆ ಸಮ್ಮೇಳನದ ಗುಂಪನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಇರುವ ನಾಲ್ಕು ಗಂಟೆಯಲ್ಲಿ ಒಂದನ್ನು ಸೀರೆ ಅಂಗಡಿಗೆ ಕೊಟ್ಟರೆ ಊರು ನೋಡುವುದು ಯಾವಾಗ? ಜೊತೆಗೆ ಬಂದ ಮನೆಯವರಿಗೆ ರೇಷ್ಮೆ ಬೇಕೆಂದರೆ ಅವರಿಗೆ ಬೆಳಗ್ಗೆ ಬೇರೆ ಗಾಡಿ ಮಾಡಿಸುತ್ತೇನೆ. ಒಳಗೆ ಸಭೆ ನಡೆಯುವಾಗ ಅವರು ಹೇಗೂ ಖಾಲಿ ಇರುತ್ತಾರೆ.

ಅರಮನೆಯ ದೀಪದ ಬಗ್ಗೆ ಮಾತ್ರ ವ್ಯವಸ್ಥೆ ಮಾಡುವವರಿಗೆ ಕೈಮುಗಿದು ಹೇಳುತ್ತೇನೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಹತ್ತಿರ ಹತ್ತಿರ ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಶುಕ್ರವಾರ ಶುರುವಾದ ಸಮ್ಮೇಳನ ಭಾನುವಾರ ಮಧ್ಯಾಹ್ನ ಮುಗಿಯುತ್ತದೆ, ಅರ್ಧ ಜನ ಅಷ್ಟು ಹೊತ್ತಿಗೆ ರೈಲು ಹತ್ತಿರುತ್ತಾರೆ. ಒಂದು ದಿನ ಆಚೀಚೆ ಮಾಡಿದರೆ ಎಲ್ಲರಿಗೂ ಸಿಗುತ್ತದೆ. ಹೋದ ವರ್ಷ ಒಂದು ಗುಂಪಿನವರು ನನ್ನ ಮಾತು ಕೇಳಿ ಶನಿವಾರ ಶುರು ಮಾಡಿದರು. ಭಾನುವಾರ ಆರೂಮುಕ್ಕಾಲಿಗೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದೆ. ಕತ್ತಲಾಗುತ್ತಿತ್ತು, ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಏಳಾಯಿತು. ಒಂದು ಕ್ಷಣದಲ್ಲಿ ಇಡೀ ಅರಮನೆ ಬಂಗಾರದ ಗೆರೆಯಲ್ಲಿ ಎದ್ದು ನಿಂತಿತು. ಅಂಗಳದ ಉದ್ದಕ್ಕೂ "ಹೋ" ಅನ್ನುವ ಸದ್ದು. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮುಂದಿನ ತಿಂಗಳು ಲೆಕ್ಕಪರಿಶೋಧಕರ ಗುಂಪು ಬರುತ್ತಿದೆ, 48 ಜನ. ಅವರಿಗೆ ಏನು ತೋರಿಸಬೇಕು ಅಂತ ಒಂದು ವಾರದಿಂದ ತಲೆಯಲ್ಲಿ ಓಡುತ್ತಿದೆ. ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗುವ ಆಸೆ. 1905ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗುರುತಿಸಿದ್ದು ಅಲ್ಲೇ, 1909ರಲ್ಲಿ ಅಚ್ಚು ಹಾಕಿಸಿದರು. ಖಜಾನೆಯ ಲೆಕ್ಕ ಹೇಗಿಡಬೇಕು, ಹಣ ನುಂಗಿದ ಅಧಿಕಾರಿಯನ್ನು ಹೇಗೆ ಹಿಡಿಯಬೇಕು, ಎಲ್ಲಾ ಅದರಲ್ಲಿದೆ. ಲೆಕ್ಕದವರಿಗೆ ಇದಕ್ಕಿಂತ ಬೇಕಾ? ಅಲ್ಲಿ ಅಷ್ಟು ಜನ ಒಟ್ಟಿಗೆ ನುಗ್ಗುವ ಹಾಗಿಲ್ಲ, ಮೊದಲೇ ಅನುಮತಿ ಬೇಕು. ಹನ್ನೆರಡು ಹನ್ನೆರಡು ಜನರ ನಾಲ್ಕು ಗುಂಪು ಮಾಡುತ್ತೇನೆ ಅಂತ ಪತ್ರ ಬರೆದು ಕೊಟ್ಟು ಬಂದಿದ್ದೇನೆ. ಉತ್ತರ ಬರಬೇಕು. ಅಷ್ಟರೊಳಗೆ ಚಪ್ಪಲಿಯ ಮೆಸೇಜನ್ನು ಹಿಂದಿಯಲ್ಲೂ ಬರೆಸಿಡಬೇಕು. ಹೋದ ಸಲ ಏಳು ಜನ ಶೂ ಹಾಕಿಕೊಂಡೇ ಬಂದಿದ್ದರು.