ಅಪ್ಪನ ಕೊನೇ ಐಟಿ ರಿಟರ್ನ್: ಎಲ್ರೂ ಬೇಡ ಅಂದ್ರು, ರೀಫಂಡ್ ಬಂತು

ಅಪ್ಪ ತೀರ್ಕೊಂಡ ವರ್ಷದ ಅವ್ರ ಇನ್‌ಕಮ್ ಟ್ಯಾಕ್ಸ್ ರಿಟರ್ನನ್ನ ವಾರಸುದಾರನಾಗಿ ನಾನೇ ಹಾಕಿದ ಕಥೆ ಇದು. ಅದಕ್ಕೆ ವಂಶವೃಕ್ಷ, ಡೆತ್ ಸರ್ಟಿಫಿಕೇಟ್ ಬೇಕು, ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ಲೀಗಲ್ ಹೇರ್ (ಕಾನೂನುಬದ್ಧ ವಾರಸುದಾರ) ಅಂತ ರಿಜಿಸ್ಟರ್ ಆಗ್ಬೇಕು. ಅದು ಹಾಗಿರ್ಲಿ, ನಾನು ನೇರ ದುಡ್ಡಿನ ವಿಷಯಕ್ಕೆ ಬರ್ತೀನಿ.

ಅಪ್ಪ ತೀರ್ಕೊಂಡಿದ್ದು 2022 ನವೆಂಬರ್ 17. ರಿಟೈರ್ಡ್ ಲೆಕ್ಚರರ್, ಪೆನ್ಷನ್ ತಿಂಗಳಿಗೆ 45 ಸಾವಿರದ ಆಸುಪಾಸು, ಎರಡು ಬ್ಯಾಂಕಲ್ಲಿ ಸೇರಿ 60 ಲಕ್ಷ ಎಫ್‌ಡಿ. ವಿಲ್ ಬರೆದಿರ್ಲಿಲ್ಲ, ಹಾಗಾಗಿ ಅಮ್ಮ, ತಂಗಿ, ನಾನು ಸಮಪಾಲು. ಬ್ಯಾಂಕ್‌ನೋರು ಮಾತ್ರ ಮಾರ್ಚ್‌ವರೆಗೂ ಅಪ್ಪನ ಪ್ಯಾನ್‌ಗೇ ಟಿಡಿಎಸ್ (ಬಡ್ಡಿ ಕೊಡೋಕೆ ಮುಂಚೆನೇ ಹಿಡಿಯೋ ಟ್ಯಾಕ್ಸ್) ಕಟ್ ಮಾಡ್ತಾ ಹೋದ್ರು, ಇಡೀ ವರ್ಷಕ್ಕೆ ಒಟ್ಟು 39 ಸಾವಿರ. ನಮ್ಮ ಆಡಿಟರ್ "26ಎಎಸ್‌ನಲ್ಲಿ (ಪ್ಯಾನ್ ಮೇಲೆ ಕಟ್ ಆದ ಟ್ಯಾಕ್ಸಿನ ಪಟ್ಟಿ) ಇರೋದನ್ನ ಇದ್ದಹಾಗೆ ಅಪ್ಪನ ಹೆಸರಲ್ಲೇ ಹಾಕಿ ಮುಗಿಸಿ" ಅಂದ್ರು. ಹಂಗೆ ಹಾಕಿದ್ರೆ ಕಡಿತಗಳೆಲ್ಲ ಕಳೆದು ಆದಾಯ 6.3 ಲಕ್ಷ, ಟ್ಯಾಕ್ಸ್ 37 ಸಾವಿರ ಚಿಲ್ರೆ, ವಾಪಸ್ ಬರೋದು ಸಾವಿರದೈನೂರು.

ಆದ್ರೆ ಸತ್ತ ದಿನಕ್ಕೆ ಅಪ್ಪನ ಆದಾಯ ನಿಲ್ಲುತ್ತೆ, ಆಮೇಲಿನ ಬಡ್ಡಿ ವಾರಸುದಾರರದ್ದು ಅಲ್ವಾ? ಅಲ್ಲಿಗೇ ಗೆರೆ ಎಳೆದೆ. ಏಪ್ರಿಲ್ 1ರಿಂದ 231 ದಿನ ಅಪ್ಪಂದು, ಉಳಿದ 134 ದಿನ ನಮ್ದು. ಮೊದಲ ಸಲ ದೊಡ್ಡ ಬುದ್ಧಿವಂತ ಥರ ಹಿರಿಯ ನಾಗರಿಕರಿಗೆ ಟ್ಯಾಕ್ಸ್ ಇಲ್ಲದ ಮೊದಲ 3 ಲಕ್ಷದ ವಿನಾಯ್ತಿನೂ 231 ದಿನಕ್ಕೆ ಭಾಗಿಸ್ಬಿಟ್ಟಿದ್ದೆ, ರಾತ್ರಿ ಒಂದು ಗಂಟೆವರೆಗೂ ಎಕ್ಸೆಲ್ ಒದ್ದಾಡಿ. ಭಾಗಿಸೋ ಹಾಗೇ ಇಲ್ಲ, ಎಂಟೇ ತಿಂಗಳು ಬದುಕಿದ್ರೂ ವಿನಾಯ್ತಿ ಪೂರ್ತಿ, 80ಟಿಟಿಬಿ (ಹಿರಿಯರ ಬಡ್ಡಿ ಆದಾಯಕ್ಕೆ ಸಿಗೋ ಕಡಿತ) 50 ಸಾವಿರನೂ ಪೂರ್ತಿ. ನವೆಂಬರ್ ಪೆನ್ಷನ್ ಇಡೀ ತಿಂಗಳದ್ದು ಬಿದ್ದಿತ್ತು, ಹೆಚ್ಚಿಗೆ ಬಂದಿದ್ದನ್ನ ಆಮೇಲೆ ವಾಪಸ್ ತಗೊಂಡ್ರು, ಆ ಹತ್ತೊಂಬತ್ತು ಸಾವಿರ ಚಿಲ್ರೆ ಕಳೆಯೋದು ಮರ್ತಿದ್ರೆ ಆದಾಯ 5 ಲಕ್ಷ ದಾಟಿ, ಅದರೊಳಗಿದ್ರೆ ಆಗ ಟ್ಯಾಕ್ಸ್ ಪೂರ್ತಿ ಮನ್ನಾ ಮಾಡ್ತಿದ್ದ ರಿಬೇಟೇ ಹೋಗ್ತಿತ್ತು. ಕಳೆದ ಮೇಲೆ ಅಪ್ಪನ ಟ್ಯಾಕ್ಸ್ ಬೀಳೋ ಆದಾಯ ಬಂದಿದ್ದು 4.87 ಲಕ್ಷ. ಟ್ಯಾಕ್ಸ್ ಸೊನ್ನೆ!

ಕಷ್ಟ ಆಗಿದ್ದು ಟಿಡಿಎಸ್. ನಮ್ಮ ಪಾಲಿನ ಬಡ್ಡಿಗೆ ಕಟ್ ಆಗಿದ್ದು ಅಪ್ಪನ ಪ್ಯಾನಲ್ಲಿದೆ, ಅದನ್ನ ನಾವು ಹೆಂಗೆ ಕ್ಲೇಮ್ ಮಾಡೋದು ಅಂತ ಭಾವನೂ ನಕ್ರು. ಐಟಿಆರ್-1 ಅನ್ನೋ ಸರಳ ರಿಟರ್ನ್ ಫಾರ್ಮಲ್ಲಿ ಆಗಲ್ಲ, ಐಟಿಆರ್-2ಗೇ ಹೋಗ್ಬೇಕು. ಅಲ್ಲಿ ಟಿಡಿಎಸ್ ಶೆಡ್ಯೂಲಲ್ಲಿ ಬೇರೆಯವರಿಗೆ ಕ್ರೆಡಿಟ್ ಬಿಟ್ಟುಕೊಡೋ ಕಾಲಂ ಇದೆ, ಅದಕ್ಕೆ ಅವಕಾಶ ಕೊಟ್ಟಿದ್ದು ಇನ್‌ಕಮ್ ಟ್ಯಾಕ್ಸ್ ರೂಲ್ 37ಬಿಎ. ಅಪ್ಪನ ರಿಟರ್ನಲ್ಲಿ ಬಿಟ್ಟುಕೊಟ್ಟು, ನಮ್ಮ ಮೂರು ಜನದ ರಿಟರ್ನಲ್ಲಿ ಅಪ್ಪನ ಪ್ಯಾನ್ ಹಾಕಿ ಎತ್ಕೊಂಡ್ವಿ.

ಅಮ್ಮನ ಫ್ಯಾಮಿಲಿ ಪೆನ್ಷನ್ನೂ ಮೊದಲು ಸಂಬಳದ ಕಡೆ ತುಂಬಿ, ಸಂಬಳದಾರರ ಸ್ಟಾಂಡರ್ಡ್ ಡಿಡಕ್ಷನ್ ಅಂತ 50 ಸಾವಿರ ಕಳೆದಿದ್ದೆ, ತಪ್ಪು. ಅದು ಇತರೆ ಮೂಲದ ಆದಾಯ, ಆ ವರ್ಷದ ನಿಯಮದಲ್ಲಿ ಮೂರನೇ ಒಂದು ಭಾಗ ಇಲ್ಲಾ 15 ಸಾವಿರ, ಯಾವ್ದು ಕಮ್ಮಿನೋ ಅಷ್ಟೇ ಕಳೀಬಹುದಿತ್ತು.

ಲೀಗಲ್ ಹೇರ್ ಅರ್ಜಿ ಒಂದ್ಸಲ ರಿಜೆಕ್ಟ್ ಆಯ್ತು. ಪ್ಯಾನಲ್ಲಿ ಇನಿಷಿಯಲ್, ಡೆತ್ ಸರ್ಟಿಫಿಕೇಟಲ್ಲಿ ಅಜ್ಜನ ಪೂರ್ತಿ ಹೆಸರು. ಸ್ಟಾಂಪ್ ಪೇಪರ್, ನೋಟರಿ ಎಲ್ಲ ಸೇರಿ ಐನೂರು ರೂಪಾಯಿಯ ಅಫಿಡವಿಟ್‌ಗೆ ಮೂರು ವಾರ ಹೋಯ್ತು, ಜುಲೈ 31 ಹತ್ರ ಬಂದು ಎದೆ ಢವಢವ. ಅದಕ್ಕಿಂತ ದೊಡ್ಡ ಪೆದ್ದುತನ ಅಂದ್ರೆ ಆತುರಕ್ಕೆ ಬಿದ್ದು ಅಪ್ಪನ ಎಸ್‌ಬಿ ಅಕೌಂಟ್ ಮುಚ್ಚಿಸಿ ಅದೇ ನಂಬರ್ ರಿಟರ್ನಲ್ಲಿ ಬಿಟ್ಟಿದ್ದು. ರೀಫಂಡ್ ಫೇಲ್ ಅಂತ ಮೆಸೇಜು. ನನ್ನ ಅಕೌಂಟ್ ಸೇರಿಸಿ ರೀಇಷ್ಯೂ ಕೇಳಿದ ಮೇಲೆ, ವರ್ಷದ ತಿಥಿಗೆ ನಾಲ್ಕು ದಿನ ಮುಂಚೆ 24 ಸಾವಿರ ಚಿಲ್ರೆ ಬಿತ್ತು. ಅಮ್ಮಂಗೆ, ತಂಗಿಗೆ ತಲಾ ನಾಲ್ಕೂಮುಕ್ಕಾಲು ಸಾವಿರ ಅಷ್ಟೊತ್ತಿಗಾಗ್ಲೇ ಬಂದಿತ್ತು. ನನ್ನ ಪಾಲಿನ ಬಡ್ಡಿಗೆ ನಾನು ಐದು ಸಾವಿರ ಟ್ಯಾಕ್ಸ್ ಕೈಯಿಂದ ಕಟ್ದೆ, ಅದು ಕಳೆದ್ರೂ 29 ಸಾವಿರ ಉಳೀತು. ಭಾವ ಈಗ ಅವ್ರ ದೊಡ್ಡಪ್ಪನ ಫೈಲ್ ಹಿಡ್ಕೊಂಡು ನಮ್ಮನೆಗೆ ಬರ್ತಿದಾರೆ.

ಅದೇ ಉಮೇದಲ್ಲಿ ಅಪ್ಪ ಫೈಲ್ ಮಾಡ್ದೇ ಬಿಟ್ಟಿದ್ದ ಹಳೇ ಒಂದು ವರ್ಷದ ಟಿಡಿಎಸ್‌ಗೂ ಕೈ ಹಾಕ್ದೆ. ಗಡುವು ಮುಗಿದ ಮೇಲೆ ಹಾಕೋ ಅಪ್‌ಡೇಟೆಡ್ ರಿಟರ್ನಲ್ಲಿ ರೀಫಂಡ್ ಕೇಳೋಕ್ಕಾಗಲ್ಲ, ಹಾಗಾಗಿ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 119(2)(ಬಿ) ಕೆಳಗೆ ತಡ ಮನ್ನಾ ಅರ್ಜಿ ಕೊಟ್ಟಿದೀನಿ. ಇನ್ನೂ ಉತ್ತರ ಬಂದಿಲ್ಲ.